ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಹಗುರ ವ್ಯಾಯಾಮ

ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯುಳ್ಳವರಲ್ಲಿ ಕಂಡುಬರುವ ಸ್ನಾಯುಗಳ ಬಿಗಿತವನ್ನು ಮತ್ತು ಸಮತೋಲನದ ಕೊರತೆಯನ್ನು ಹತೋಟಿಯಲ್ಲಿಡಲು ಹಗುರ ವ್ಯಾಯಾಮವನ್ನು ಚಿಕಿತ್ಸೆಯ ಒಂದು ಅಂಗವಾಗಿ ಬಳಸಲಾಗುತ್ತದೆ. ಸ್ನಾಯುಗಳನ್ನು ನಿಧಾನವಾಗಿ ಹಿಗ್ಗಿಸುವುದು, ಕೀಲುಗಳನ್ನು ಪೂರ್ಣವಾಗಿ ಆಡಿಸುವುದು, ನಿಂತು ಅಥವಾ ಕುಳಿತು ಸಮತೋಲನವನ್ನು ಅಭ್ಯಾಸ ಮಾಡುವುದು, ಯೋಗ ಮತ್ತು ನೀರಿನೊಳಗಿನ ವ್ಯಾಯಾಮ ಇದರಲ್ಲಿ ಸೇರಿವೆ. ಇವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದರೆ ಕಾಯಿಲೆಯಿಂದ ನೇರವಾಗಿ ಉಂಟಾದ ನಷ್ಟದ ಮೇಲೆ ಚಲನೆಯಿಲ್ಲದಿರುವಿಕೆಯಿಂದಾಗುವ ಎರಡನೆಯ ನಷ್ಟವೂ ಸೇರದಂತೆ ತಡೆಯುತ್ತವೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ಕಾಯಿಲೆಯವರಿಗೆ ವಿಶ್ರಾಂತಿಯನ್ನೇ ಹೇಳಲಾಗುತ್ತಿತ್ತು. 1990ರ ದಶಕದ ನಂತರದ ಅಧ್ಯಯನಗಳು ಈ ಅಭಿಪ್ರಾಯವನ್ನು ಬದಲಿಸಿದವು.

ಕಾಯಿಲೆಯ ಸ್ವರೂಪ

ಮಲ್ಟಿಪಲ್ ಸ್ಕ್ಲೆರೋಸಿಸ್ ಮೆದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳನ್ನು ಬಾಧಿಸುವ ದೀರ್ಘಕಾಲದ ಕಾಯಿಲೆ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯು ನರತಂತುಗಳ ಹೊದಿಕೆಯಾದ ಮೈಲಿನ್ ಮೇಲೆಯೇ ದಾಳಿ ಮಾಡುತ್ತದೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆ ಅಲ್ಲಲ್ಲಿ ಸುಲಿದುಹೋದಂತೆ, ಮೈಲಿನ್ ನಾಶವಾದ ಕಡೆಗಳಲ್ಲಿ ಸಂದೇಶಗಳು ನಿಧಾನವಾಗುತ್ತವೆ ಇಲ್ಲವೇ ನಿಂತುಹೋಗುತ್ತವೆ. ಫ್ರಾನ್ಸಿನ ನರವೈದ್ಯ ಜಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದನು. ಸಾಮಾನ್ಯವಾಗಿ 20ರಿಂದ 40 ವರ್ಷ ವಯಸ್ಸಿನ ನಡುವೆ ಆರಂಭವಾಗುವ ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಪಟ್ಟಿಗೂ ಹೆಚ್ಚು ಕಂಡುಬರುತ್ತದೆ. ಯಾವ ನರಮಾರ್ಗಕ್ಕೆ ಹಾನಿಯಾಗಿದೆ ಎಂಬುದನ್ನು ಅವಲಂಬಿಸಿ ಲಕ್ಷಣಗಳು ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುತ್ತವೆ. ಆದ್ದರಿಂದ ಎಲ್ಲರಿಗೂ ಹೊಂದುವ ಒಂದೇ ವ್ಯಾಯಾಮ ಕ್ರಮ ಇಲ್ಲ.

ಬಿಗಿತ

ಸ್ನಾಯುವನ್ನು ಎಳೆದಾಗ ಅದು ತಾನಾಗಿ ಸಂಕುಚಿಸುವುದು ಬೆನ್ನುಹುರಿಯ ಸಹಜ ಪ್ರತಿಕ್ರಿಯೆ. ಆರೋಗ್ಯವಂತರಲ್ಲಿ ಮೆದುಳಿನಿಂದ ಇಳಿದುಬರುವ ಸಂದೇಶಗಳು ಈ ಪ್ರತಿಕ್ರಿಯೆಯನ್ನು ಅಂಕೆಯಲ್ಲಿಡುತ್ತವೆ. ಆ ಮಾರ್ಗಗಳಿಗೆ ಹಾನಿಯಾದಾಗ ಅಂಕೆ ಸಡಿಲವಾಗಿ ಸ್ನಾಯುಗಳು ಸದಾ ಬಿಗಿಯಾಗುತ್ತವೆ. ಇದನ್ನು ವೈದ್ಯಕೀಯದಲ್ಲಿ ಸ್ಪ್ಯಾಸ್ಟಿಸಿಟಿ ಎನ್ನುತ್ತಾರೆ. ಎಳೆತ ವೇಗವಾದಷ್ಟೂ ಬಿಗಿತ ಹೆಚ್ಚುವುದು ಇದರ ಮುಖ್ಯ ಗುಣ. ಕಾಲುಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ: ಮೀನಖಂಡ ಬಿಗಿದು ಹಿಮ್ಮಡಿ ನೆಲಕ್ಕೆ ತಾಗದಿರುವುದು, ತೊಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದು, ರಾತ್ರಿ ಮಲಗಿದಾಗ ಮಂಡಿಗಳು ಒಮ್ಮೆಲೇ ಸೆಳೆದು ಮಡಚಿಕೊಳ್ಳುವುದು ಸಾಮಾನ್ಯ.

ಬಿಗಿದ ಸ್ನಾಯುವನ್ನು ಹಾಗೆಯೇ ಬಿಟ್ಟರೆ ಕಾಲಕ್ರಮದಲ್ಲಿ ಸ್ನಾಯು ಮತ್ತು ಅದರ ಸುತ್ತಲಿನ ಅಂಗಾಂಶ ನಿಜವಾಗಿಯೇ ಗಿಡ್ಡವಾಗಿ, ಕೀಲು ಪೂರ್ತಿ ಬಿಚ್ಚಿಕೊಳ್ಳದಂತಾಗುತ್ತದೆ. ನರದಿಂದ ಉಂಟಾದ ಬಿಗಿತ ಔಷಧಿಗೆ ಬಗ್ಗಬಹುದು. ಹೀಗೆ ಶಾಶ್ವತವಾಗಿ ಗಿಡ್ಡವಾದ ಸ್ನಾಯು ಔಷಧಿಗೆ ಬಗ್ಗುವುದಿಲ್ಲ. ನಿತ್ಯದ ಹಿಗ್ಗಿಸುವ ವ್ಯಾಯಾಮಕ್ಕೆ ಇರುವ ಮುಖ್ಯ ಕಾರಣ ಈ ಸ್ಥಿತಿಯನ್ನು ಬಾರದಂತೆ ನೋಡಿಕೊಳ್ಳುವುದೇ ಆಗಿದೆ.

ಬಿಗಿತವೆಲ್ಲವೂ ಕೆಟ್ಟದ್ದಲ್ಲ ಎಂಬುದು ಚಿಕಿತ್ಸೆಯಲ್ಲಿ ಗಮನಿಸಬೇಕಾದ ಅಂಶ. ಕಾಲಿನ ಸ್ನಾಯುಗಳು ದುರ್ಬಲವಾದವರಲ್ಲಿ ತೊಡೆಯ ಬಿಗಿತವೇ ಮಂಡಿ ಕುಸಿಯದಂತೆ ಹಿಡಿದು ನಿಲ್ಲಿಸುತ್ತಿರಬಹುದು. ಅಂಥವರಲ್ಲಿ ಔಷಧಿಯಿಂದ ಬಿಗಿತವನ್ನು ಸಂಪೂರ್ಣವಾಗಿ ಇಳಿಸಿದರೆ ನಿಲ್ಲುವ ಶಕ್ತಿಯೇ ಹೋಗಬಹುದು. ಆದ್ದರಿಂದ ಚಲನೆಗೆ ಅಡ್ಡಿಯಾಗುವಷ್ಟು ಬಿಗಿತವನ್ನು ಮಾತ್ರ ಕಡಿಮೆ ಮಾಡಿ, ಜೊತೆಯಲ್ಲಿಯೇ ಸ್ನಾಯುಬಲವನ್ನು ಹೆಚ್ಚಿಸುವುದು ಚಿಕಿತ್ಸೆಯ ಗುರಿಯಾಗಿರುತ್ತದೆ.

ಸಮತೋಲನದ ಕೊರತೆ

ಮನುಷ್ಯನು ನೆಟ್ಟಗೆ ನಿಲ್ಲಲು ಮೆದುಳಿಗೆ ಮೂರು ಮೂಲಗಳಿಂದ ಮಾಹಿತಿ ಬರುತ್ತದೆ: ಕಣ್ಣು, ಒಳಕಿವಿ ಮತ್ತು ಪಾದ ಹಾಗೂ ಕೀಲುಗಳ ಸ್ಪರ್ಶಜ್ಞಾನ. ಕಿರುಮೆದುಳು ಇವನ್ನು ಹೊಂದಿಸಿ ಸ್ನಾಯುಗಳ ಚಲನೆಯನ್ನು ತಿದ್ದುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಈ ಪೈಕಿ ಯಾವುದನ್ನಾದರೂ, ಕೆಲವೊಮ್ಮೆ ಎಲ್ಲವನ್ನೂ ಬಾಧಿಸಬಲ್ಲದು. ಪಾದದ ಸ್ಪರ್ಶಜ್ಞಾನ ಕುಂದಿದವರು ಕಣ್ಣನ್ನು ಹೆಚ್ಚಾಗಿ ಅವಲಂಬಿಸುತ್ತಾರೆ. ಅವರು ಹಗಲಿನಲ್ಲಿ ಸರಾಗವಾಗಿ ನಡೆದರೂ ಕತ್ತಲಲ್ಲಿ, ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಓಲಾಡುತ್ತಾರೆ.

ಬೀಳುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ಹಲವು ದೇಶಗಳ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರು ತಿಂಗಳ ಅವಧಿಯಲ್ಲಿ ಒಮ್ಮೆಯಾದರೂ ಬಿದ್ದಿದ್ದರು. ಬಿದ್ದ ಗಾಯದಷ್ಟೇ ಹಾನಿ ಬೀಳುವ ಭಯದಿಂದಲೂ ಆಗುತ್ತದೆ. ಭಯದಿಂದ ನಡೆಯುವುದು ಕಡಿಮೆಯಾಗುತ್ತದೆ, ನಡೆಯದ ಕಾಲು ದುರ್ಬಲವಾಗುತ್ತದೆ, ದುರ್ಬಲವಾದ ಕಾಲು ಮತ್ತೆ ಬೀಳಿಸುತ್ತದೆ.

ಇತಿಹಾಸ

ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಥಾಫ್ 1890ರಲ್ಲಿ, ಈ ಕಾಯಿಲೆಯುಳ್ಳ ಕೆಲವರ ದೃಷ್ಟಿ ದೈಹಿಕ ಶ್ರಮದ ನಂತರ ಮಂಜಾಗುವುದನ್ನು ವರದಿ ಮಾಡಿದನು. ಇದಕ್ಕೆ ಕಾರಣ ದೇಹದ ಉಷ್ಣತೆಯ ಏರಿಕೆ ಎಂಬುದು ನಂತರ ತಿಳಿಯಿತು. ಮೈಲಿನ್ ಕಳೆದುಕೊಂಡ ನರತಂತುವಿನಲ್ಲಿ ಉಷ್ಣತೆ ಸ್ವಲ್ಪ ಏರಿದರೂ ಸಂದೇಶ ತಡೆಯಲ್ಪಡುತ್ತದೆ. ಎಂ.ಆರ್.ಐ. ಬರುವ ಮೊದಲು, ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಉಲ್ಬಣಿಸುತ್ತವೆಯೇ ಎಂದು ನೋಡುವ ಪರೀಕ್ಷೆಯೂ ಬಳಕೆಯಲ್ಲಿತ್ತು.

ಶ್ರಮದಿಂದ ಲಕ್ಷಣಗಳು ಹೆಚ್ಚುವುದನ್ನು ಕಂಡ ವೈದ್ಯರು ಕಾಯಿಲೆಯೇ ಉಲ್ಬಣಿಸೀತೆಂಬ ಆತಂಕದಿಂದ ದಶಕಗಳ ಕಾಲ ವಿಶ್ರಾಂತಿಯನ್ನು ಸೂಚಿಸಿದರು. ವಾಸ್ತವವಾಗಿ ಉಷ್ಣತೆಯಿಂದಾಗುವ ಈ ಬದಲಾವಣೆ ತಾತ್ಕಾಲಿಕ; ದೇಹ ತಣ್ಣಗಾದೊಡನೆ ಲಕ್ಷಣಗಳು ಮೊದಲಿನ ಸ್ಥಿತಿಗೆ ಮರಳುತ್ತವೆ, ನರಕ್ಕೆ ಹೊಸ ಹಾನಿಯಾಗುವುದಿಲ್ಲ. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಪೆಟಜನ್ ಮತ್ತು ಸಂಗಡಿಗರು ವಾರಕ್ಕೆ ಮೂರು ಬಾರಿಯಂತೆ 15 ವಾರಗಳ ವ್ಯಾಯಾಮದ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಯಾಮ ಮಾಡಿದವರ ದೇಹದಾರ್ಢ್ಯವೂ ಜೀವನದ ಗುಣಮಟ್ಟವೂ ಸುಧಾರಿಸಿದ್ದವು. ನಂತರದ ಅನೇಕ ಅಧ್ಯಯನಗಳು ಇದನ್ನು ಬೆಂಬಲಿಸಿದವು.

ಬಿಗಿತಕ್ಕೆ ವ್ಯಾಯಾಮಗಳು

ಎಳೆತದ ವೇಗ ಹೆಚ್ಚಿದರೆ ಬಿಗಿತವೂ ಹೆಚ್ಚುವುದರಿಂದ ನಿಧಾನವೇ ಈ ವ್ಯಾಯಾಮಗಳ ಮೊದಲ ನಿಯಮ. ಸ್ನಾಯುವನ್ನು ಮೆಲ್ಲನೆ ಎಳೆದು, ನೋವಿಲ್ಲದೆ ಎಳೆತ ಮಾತ್ರ ತಿಳಿಯುವ ಹಂತದಲ್ಲಿ 30ರಿಂದ 60 ಸೆಕೆಂಡು ನಿಲ್ಲಿಸಿ, ಮೆಲ್ಲನೆಯೇ ಬಿಡಲಾಗುತ್ತದೆ. ಜಗ್ಗಿ ಜಗ್ಗಿ ಬಿಡುವುದು ಸೆಳೆತವನ್ನು ಕೆರಳಿಸುತ್ತದೆ. ಉಸಿರನ್ನು ಬಿಗಿಹಿಡಿಯಬಾರದು.

* ಮೀನಖಂಡ: ಗೋಡೆಗೆ ಎದುರಾಗಿ ನಿಂತು ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಅದರ ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ವಾಲುವುದು. ನಿಲ್ಲಲಾಗದವರು ಕಾಲು ಚಾಚಿ ಕುಳಿತು, ಪಾದದ ಮುಂಭಾಗಕ್ಕೆ ಟವೆಲ್ ಸುತ್ತಿ ತಮ್ಮತ್ತ ಎಳೆಯಬಹುದು.
* ತೊಡೆಯ ಹಿಂಭಾಗ: ಕುರ್ಚಿಯ ಮುಂಚೂಣಿಯಲ್ಲಿ ಕುಳಿತು, ಒಂದು ಕಾಲನ್ನು ನೇರವಾಗಿ ಚಾಚಿ, ಬೆನ್ನು ಬಾಗಿಸದೆ ಸೊಂಟದಿಂದ ಮುಂದಕ್ಕೆ ಬಗ್ಗುವುದು.
* ತೊಡೆಯ ಒಳಭಾಗ: ಅಂಗಾತ ಮಲಗಿ ಮಂಡಿಗಳನ್ನು ಮಡಚಿ, ಅಂಗಾಲುಗಳನ್ನು ಜೋಡಿಸಿ, ಮಂಡಿಗಳನ್ನು ಎರಡು ಬದಿಗೆ ತಾವಾಗಿ ಇಳಿಯಬಿಡುವುದು.
* ಸೊಂಟದ ಮುಂಭಾಗ: ಬೋರಲು ಮಲಗಿ ಕೆಲವು ನಿಮಿಷ ಹಾಗೆಯೇ ಇರುವುದು. ದಿನದ ಹೆಚ್ಚಿನ ಸಮಯ ಗಾಲಿಕುರ್ಚಿಯಲ್ಲಿ ಕಳೆಯುವವರಿಗೆ ಇದು ಮುಖ್ಯ.

ತಾವಾಗಿ ಕೈಕಾಲು ಆಡಿಸಲಾಗದವರಿಗೆ ಮನೆಯವರು ಕೀಲುಗಳನ್ನು ಆಡಿಸಬಹುದು. ಕೀಲಿನ ಮೇಲೆ ಒಂದು ಕೈ, ಕೆಳಗೆ ಇನ್ನೊಂದು ಕೈ ಇಟ್ಟು ಆಧಾರ ಕೊಡಬೇಕು. ನಡುವೆ ಸೆಳೆತ ಬಂದರೆ ಬಲ ಪ್ರಯೋಗಿಸದೆ, ಅದು ಇಳಿಯುವವರೆಗೆ ಕಾದು ಮುಂದುವರಿಸಬೇಕು. ರಾತ್ರಿ ಸೆಳೆತ ಬರುವವರು ಮಲಗುವ ಮುನ್ನ ಹಿಗ್ಗಿಸುವ ವ್ಯಾಯಾಮ ಮಾಡುವ ರೂಢಿಯಿದೆ.

ಬಿಗಿತಕ್ಕೆ ಬ್ಯಾಕ್ಲೋಫೆನ್, ಟಿಜಾನಿಡಿನ್ ಮುಂತಾದ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಇವು ಮಂಪರು ಮತ್ತು ಸ್ನಾಯುಗಳ ನಿಶ್ಶಕ್ತಿಯನ್ನು ಉಂಟುಮಾಡಬಹುದಾದ್ದರಿಂದ ವ್ಯಾಯಾಮದ ವೇಳೆಯನ್ನು ಮಾತ್ರೆಯ ವೇಳೆಗೆ ಹೊಂದಿಸಬೇಕಾಗುತ್ತದೆ. ವ್ಯಾಯಾಮದಿಂದ ಗುಣ ಕಂಡಿತೆಂದು ಬ್ಯಾಕ್ಲೋಫೆನ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ.

ಸಮತೋಲನದ ವ್ಯಾಯಾಮಗಳು

ಸಮತೋಲನವು ಅಭ್ಯಾಸದಿಂದ ಸುಧಾರಿಸುವ ಕೌಶಲ. ಹಾನಿಯಾದ ಮಾರ್ಗದ ಬದಲು ಉಳಿದ ಮಾರ್ಗಗಳ ಮಾಹಿತಿಯನ್ನು ಬಳಸಲು ಮೆದುಳು ಕಲಿಯಬಲ್ಲದು. ಇದಕ್ಕಾಗಿ ವ್ಯಾಯಾಮವನ್ನು ಸುಲಭದಿಂದ ಕಠಿಣದ ಕಡೆಗೆ ಹಂತಹಂತವಾಗಿ ಏರಿಸಲಾಗುತ್ತದೆ.

ಮೊದಲ ಹಂತದಲ್ಲಿ ಆಧಾರವಿಲ್ಲದೆ ಕುಳಿತು ಎಡಬಲಕ್ಕೆ ಕೈಚಾಚುವುದು, ಕುರ್ಚಿಯಿಂದ ಎದ್ದು ಕೂರುವುದು ಸೇರಿವೆ. ಎದ್ದು ಕೂರುವ ಅಭ್ಯಾಸ ತೊಡೆಯ ಬಲವನ್ನೂ ಹೆಚ್ಚಿಸುತ್ತದೆ. ಎರಡನೆಯ ಹಂತದಲ್ಲಿ ನಿಂತು ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸುವುದು, ಪಾದಗಳನ್ನು ಜೋಡಿಸಿ ನಿಲ್ಲುವುದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಿಲ್ಲುವುದು ಬರುತ್ತವೆ. ಮುಂದಿನ ಹಂತದಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ನಿಲ್ಲುವುದು, ಗೆರೆಯ ಮೇಲೆ ನಡೆಯುವುದು, ಮೆತ್ತನೆಯ ಹಾಸಿನ ಮೇಲೆ ನಿಲ್ಲುವುದು, ನಡೆಯುತ್ತಲೇ ಮಾತನಾಡುವುದು ಸೇರುತ್ತವೆ. ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸವನ್ನು ಹತ್ತಿರ ಒಬ್ಬರು ಇದ್ದಾಗ ಮಾತ್ರ ಮಾಡಬೇಕು. ತಲೆಸುತ್ತು ಇರುವವರಿಗೆ ನೋಟವನ್ನು ಒಂದು ಗುರುತಿನ ಮೇಲಿಟ್ಟು ತಲೆಯನ್ನು ಆಡಿಸುವ ಕಣ್ಣಿನ ವ್ಯಾಯಾಮಗಳನ್ನು ಕಲಿಸಲಾಗುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡಲು ಗೋಡೆಯ ಮೂಲೆ ಸುರಕ್ಷಿತ ಸ್ಥಳ: ಬೆನ್ನ ಹಿಂದೆ ಎರಡು ಗೋಡೆ, ಮುಂದೆ ಗಟ್ಟಿಯಾದ ಕುರ್ಚಿ ಇದ್ದರೆ ಎತ್ತ ವಾಲಿದರೂ ಆಧಾರ ಸಿಗುತ್ತದೆ. ಅಡುಗೆಮನೆಯ ಕಟ್ಟೆಯನ್ನೂ ಹಿಡಿದು ಅಭ್ಯಾಸ ಮಾಡಬಹುದು. ಒದ್ದೆ ನೆಲ, ಜಾರುವ ಕಾಲೊರೆಸು ಮತ್ತು ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿಗಳನ್ನು ದೂರವಿಡಬೇಕು.

ಯೋಗ

ಅಮೆರಿಕದ ಆರೆಗಾನ್‌ನಲ್ಲಿ ಬ್ಯಾರಿ ಓಕೆನ್ ಮತ್ತು ಸಂಗಡಿಗರು ಈ ಕಾಯಿಲೆಯುಳ್ಳ 69 ಜನರನ್ನು ಯೋಗ, ವ್ಯಾಯಾಮ ಮತ್ತು ಕಾಯುವಿಕೆಯ ಮೂರು ಗುಂಪುಗಳಾಗಿ ವಿಂಗಡಿಸಿ ಆರು ತಿಂಗಳು ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಯೋಗ ಮತ್ತು ವ್ಯಾಯಾಮದ ಗುಂಪುಗಳೆರಡರಲ್ಲೂ ದಣಿವು ಕಡಿಮೆಯಾಯಿತು. ಸ್ಮರಣೆ ಮತ್ತು ಗಮನಶಕ್ತಿಯಲ್ಲಿ ಬದಲಾವಣೆ ಕಾಣಲಿಲ್ಲ. ಅಲ್ಲಿ ಕಲಿಸಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿ. ಕುರ್ಚಿ, ಗೋಡೆ, ಪಟ್ಟಿ, ದಿಂಬು, ಮರದ ತುಂಡುಗಳ ಆಧಾರದಿಂದ ಆಸನಗಳನ್ನು ಮಾಡಿಸುವುದು ಈ ಪದ್ಧತಿಯ ವೈಶಿಷ್ಟ್ಯವಾದ್ದರಿಂದ ನಿಶ್ಶಕ್ತರಿಗೂ ಹೊಂದಿಸಿಕೊಳ್ಳಬಹುದು. ಬಿಸಿ ಮಾಡಿದ ಕೋಣೆಯಲ್ಲಿ ನಡೆಸುವ ಯೋಗ ತರಗತಿಗಳು ಈ ಕಾಯಿಲೆಯವರಿಗೆ ಸೂಕ್ತವಲ್ಲ.

ಉಷ್ಣತೆ ಮತ್ತು ನೀರಿನ ವ್ಯಾಯಾಮ

ಶಾಖದಿಂದ ಲಕ್ಷಣಗಳು ಹೆಚ್ಚುವವರು ಬೆಳಗಿನ ತಂಪು ಹೊತ್ತಿನಲ್ಲಿ, ಫ್ಯಾನಿನ ಕೆಳಗೆ, ಸಡಿಲವಾದ ಹತ್ತಿ ಬಟ್ಟೆ ಧರಿಸಿ ವ್ಯಾಯಾಮ ಮಾಡುವುದು, ನಡುವೆ ತಣ್ಣೀರು ಕುಡಿಯುವುದು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುವುದು ಉಪಯುಕ್ತ. ವ್ಯಾಯಾಮದ ಮುನ್ನ ಅಥವಾ ನಂತರ ತೀರಾ ಬಿಸಿನೀರಿನ ಸ್ನಾನ ಸಲ್ಲದು.

ನೀರಿನಲ್ಲಿ ದೇಹದ ಭಾರ ಕಡಿಮೆಯಾಗಿ ತೋರುವುದರಿಂದ ಬಿಗಿದ ಕಾಲುಗಳು ಸುಲಭವಾಗಿ ಚಲಿಸುತ್ತವೆ, ಬಿದ್ದು ಪೆಟ್ಟಾಗುವ ಭಯವೂ ಇರುವುದಿಲ್ಲ. ಕೀಲುನೋವಿನವರಿಗೆ ಬಳಸುವ ಬೆಚ್ಚಗಿನ ಕೊಳಕ್ಕಿಂತ ತಂಪಾದ, ಸುಮಾರು 27ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ಇವರಿಗೆ ಸೂಚಿಸಲಾಗುತ್ತದೆ. ಜೊತೆಯಲ್ಲಿ ಒಬ್ಬರಿಲ್ಲದೆ ನೀರಿಗಿಳಿಯಬಾರದು.

ಪ್ರಮಾಣ

ಕಾಯಿಲೆಯ ತೀವ್ರತೆ ಅಲ್ಪ ಅಥವಾ ಮಧ್ಯಮವಾಗಿರುವ ವಯಸ್ಕರು ವಾರಕ್ಕೆ ಎರಡು ಬಾರಿ 30 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಮತ್ತು ಎರಡು ಬಾರಿ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು 2013ರಲ್ಲಿ ಪ್ರಕಟವಾದ ಕೆನಡಾದ ಮಾರ್ಗಸೂಚಿ ಹೇಳುತ್ತದೆ. ಅಮೆರಿಕದ ರಾಷ್ಟ್ರೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ 2020ರ ಶಿಫಾರಸು ವಾರಕ್ಕೆ 150 ನಿಮಿಷಗಳ ವ್ಯಾಯಾಮ ಅಥವಾ ದೈನಂದಿನ ದೈಹಿಕ ಚಟುವಟಿಕೆಯನ್ನು ಕ್ರಮೇಣ ತಲುಪಬೇಕಾದ ಗುರಿಯಾಗಿ ಸೂಚಿಸಿತು. ಹಾಸಿಗೆ ಹಿಡಿದವರಿಗೂ ಉಸಿರಾಟದ ಹಾಗೂ ಕೀಲು ಆಡಿಸುವ ವ್ಯಾಯಾಮಗಳನ್ನು ಅದು ಸೇರಿಸಿದೆ.

ಈ ಕಾಯಿಲೆಯ ದಣಿವು ಸಾಮಾನ್ಯ ಆಯಾಸದಂತಲ್ಲ. ಏನೂ ಕೆಲಸ ಮಾಡದ ದಿನವೂ ಬರಬಹುದು. ಒಮ್ಮೆಗೆ 30 ನಿಮಿಷ ಸಾಧ್ಯವಾಗದವರು ಹತ್ತು ನಿಮಿಷದಂತೆ ಮೂರು ಬಾರಿ ಮಾಡಬಹುದು. ವ್ಯಾಯಾಮದ ನಂತರ ಸ್ವಲ್ಪ ಹೊತ್ತಿನ ವಿಶ್ರಾಂತಿಯಿಂದ ಚೇತರಿಸಿಕೊಳ್ಳದಿದ್ದರೆ ಪ್ರಮಾಣ ಹೆಚ್ಚಾಗಿದೆಯೆಂದು ತಿಳಿಯಬೇಕು.

ಎಚ್ಚರಿಕೆಗಳು

ಹೊಸ ಲಕ್ಷಣ ಕಾಣಿಸಿಕೊಂಡು 24 ಗಂಟೆಗೂ ಹೆಚ್ಚು ಕಾಲ ಉಳಿದರೆ ಅದು ಕಾಯಿಲೆಯ ಮರುಕಳಿಕೆಯಾಗಿರಬಹುದು. ಆಗ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬಿಗಿತ ಹಠಾತ್ತನೆ ಏರಿದರೆ ಮೂತ್ರದ ಸೋಂಕು, ಮಲಬದ್ಧತೆ, ಒತ್ತಡದ ಹುಣ್ಣು, ಒಳಮುಖವಾಗಿ ಬೆಳೆದ ಉಗುರು, ಬಿಗಿಯಾದ ಬಟ್ಟೆ ಅಥವಾ ಪಾದರಕ್ಷೆ ಕಾರಣವಾಗಿರಬಹುದು. ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಇವುಗಳ ನೋವು ತಿಳಿಯದೆ, ಬಿಗಿತವೇ ಮೊದಲ ಸೂಚನೆಯಾಗುವುದುಂಟು.

ಮೌಲ್ಯಮಾಪನ

ಬಿಗಿತವನ್ನು ಅಳೆಯಲು 1964ರಲ್ಲಿ ರೂಪುಗೊಂಡ ಆಶ್‌ವರ್ತ್ ಮಾಪಕವನ್ನೂ ಅದರ 1987ರ ಪರಿಷ್ಕೃತ ರೂಪವನ್ನೂ ಬಳಸುತ್ತಾರೆ. ಸಮತೋಲನಕ್ಕೆ 14 ಪರೀಕ್ಷೆಗಳುಳ್ಳ, ಗರಿಷ್ಠ 56 ಅಂಕಗಳ ಬರ್ಗ್ ಮಾಪಕವಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡುವುದು ಇನ್ನೊಂದು ಸರಳ ಪರೀಕ್ಷೆ.

ಭಾರತದಲ್ಲಿ

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಪಟ್ಟಿಮಾಡಿದ 21 ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದೆ. 1985ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಬೆಂಗಳೂರಿನಲ್ಲಿಯೂ ಶಾಖೆಯನ್ನು ಹೊಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ.

ನೆಲದ ಮೇಲೆ ಕೂರುವ, ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರುವ ರೂಢಿಯಿರುವಲ್ಲಿ ಸೊಂಟ, ಮಂಡಿ ಮತ್ತು ಪಾದದ ಕೀಲುಗಳು ಪೂರ್ತಿಯಾಗಿ ಮಡಚಬೇಕಾಗುತ್ತದೆ. ಬಿಗಿತವುಳ್ಳವರಿಗೆ ಇದು ಕಷ್ಟವಾದ್ದರಿಂದ ಶೌಚಾಲಯದಲ್ಲಿ ಕೈಹಿಡಿ ಅಥವಾ ಕುರ್ಚಿಯಾಕಾರದ ಆಸನವನ್ನು ಅಳವಡಿಸಬೇಕಾಗುತ್ತದೆ. ನೆಲದಿಂದ ಏಳುವ ವಿಧಾನವನ್ನು, ಅಂದರೆ ಮಗ್ಗುಲಾಗಿ, ಕೈ ಮತ್ತು ಮಂಡಿಗಳ ಮೇಲೆ ಬಂದು, ಗಟ್ಟಿಯಾದ ಆಸನವೊಂದನ್ನು ಹಿಡಿದು ಬಲವಾದ ಕಾಲನ್ನು ಮೊದಲು ಊರಿ ಏಳುವುದನ್ನು ಫಿಸಿಯೋಥೆರಪಿಸ್ಟರು ಪ್ರತ್ಯೇಕವಾಗಿ ಕಲಿಸುತ್ತಾರೆ. ಮನೆಯಲ್ಲಿ ಒಬ್ಬರೇ ಇರುವಾಗ ಬಿದ್ದವರಿಗೆ ಈ ಅಭ್ಯಾಸ ನೆರವಾಗುತ್ತದೆ.