ಪಾಸ್‌ಪೋರ್ಟ್ ಪೋರ್ಟಲ್: ಹಕ್ಕು, ಹೆಸರು, ಠಾಣೆ

ಪಾಸ್‌ಪೋರ್ಟ್ ಸೇವಾ ಯೋಜನೆಯ ಮೊದಲ ಪ್ರಯೋಗಗಳಿಗೆ ಆರಿಸಿಕೊಂಡ ನೆಲಗಳಲ್ಲಿ ಕರ್ನಾಟಕ ಒಂದು. 2010ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಹುಬ್ಬಳ್ಳಿ, ಮಂಗಳೂರಿಗೂ ಹಬ್ಬಿತು. ಚಂಡೀಗಢ ವಲಯದಲ್ಲೂ ಪರೀಕ್ಷೆಗೆ ಒಳಪಟ್ಟು 2012ರ ಜೂನ್ ಹೊತ್ತಿಗೆ 77 ಕೇಂದ್ರಗಳೊಡನೆ ದೇಶವನ್ನೆಲ್ಲ ಆವರಿಸಿತು. ಆ ಪ್ರಯೋಗದ ಕಾಲದ ವಿದೇಶಾಂಗ ಸಚಿವರು ಎಸ್.ಎಂ. ಕೃಷ್ಣ. ಸೋಮನಹಳ್ಳಿ ಊರು, ಮಲ್ಲಯ್ಯ ತಂದೆ, ಕೃಷ್ಣ ಅವರದೇ ಹೆಸರು. ಈ ಮೂರರಲ್ಲಿ ‘ಸರ್‌ನೇಮ್’ ಯಾವುದು ಎಂದು ಪೋರ್ಟಲ್ ಕೇಳಿದರೆ ಹಳೇ ಮೈಸೂರು ಸೀಮೆಯವರು ಥಟ್ಟನೆ ಉತ್ತರ ಕೊಡಲಾರರು.

ಈ ಲೇಖನದ ವಾದ ಅಲ್ಲಿಂದಲೇ ಹೊರಡುತ್ತದೆ. ಪಾಸ್‌ಪೋರ್ಟ್ ಅರ್ಜಿ ಆನ್‌ಲೈನ್ ಆದಮೇಲೆ ಸಾಲು ಕರಗಿತು, ದಲ್ಲಾಳಿಯ ಅಂಗಡಿ ಬಡವಾಯಿತು, ಕಡತ ಎಲ್ಲಿದೆ ಎಂಬುದು ಮೊಬೈಲಿನಲ್ಲೇ ತಿಳಿಯತೊಡಗಿತು. ಇವೆಲ್ಲ ನಿಜವಾದ ಲಾಭಗಳು. ಆದರೆ ಅರ್ಜಿದಾರ ಇಂದು ಎಡವುವ ಜಾಗಗಳನ್ನು ಗಮನಿಸಿದರೆ ಅವು ಬಹುಪಾಲು ಪೋರ್ಟಲ್‌ನ ಹೊರಗಿವೆ: ಶಾಲೆಯ ದಾಖಲೆಯಲ್ಲಿ, ಜನನ ಪತ್ರದಲ್ಲಿ, ಬಾಡಿಗೆ ಮನೆಯ ಕರಾರಿನಲ್ಲಿ, ಪೊಲೀಸ್ ಠಾಣೆಯಲ್ಲಿ. ಪೋರ್ಟಲ್ ಆ ಹಳೆಯ ತೊಡಕುಗಳನ್ನು ಬಿಡಿಸಲಿಲ್ಲ. ಎಲ್ಲವನ್ನೂ ಒಂದೇ ಪರದೆಯ ಮೇಲೆ ಎದುರುಬದುರು ನಿಲ್ಲಿಸಿತು.

ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದು ಹಕ್ಕು ಎಂಬ ತಿಳಿವಳಿಕೆ ನಮ್ಮಲ್ಲಿ ಅಷ್ಟು ಹಳೆಯದಲ್ಲ. 1967ರವರೆಗೆ ಪಾಸ್‌ಪೋರ್ಟ್ ಕೊಡುವುದಕ್ಕೆ ದೇಶದಲ್ಲಿ ಶಾಸನವೇ ಇರಲಿಲ್ಲ. 1920ರ ಬ್ರಿಟಿಷ್ ಕಾಲದ ಕಾಯ್ದೆ ಭಾರತದೊಳಗೆ ಬರುವವರ ಬಗ್ಗೆ ಮಾತಾಡುತ್ತಿತ್ತೇ ಹೊರತು ಹೊರಗೆ ಹೋಗುವವರ ಬಗ್ಗೆ ಅಲ್ಲ. ಕೊಡುವುದು, ಕಿತ್ತುಕೊಳ್ಳುವುದು ಎರಡೂ ಸರ್ಕಾರದ ಮರ್ಜಿ. ಮೋಟಾರು ಬಿಡಿಭಾಗಗಳ ವ್ಯಾಪಾರಿ ಸತ್ವಂತ್ ಸಿಂಗ್ ಸಾಹ್ನಿ ತಮ್ಮ ಪಾಸ್‌ಪೋರ್ಟ್ ಹಿಂತಿರುಗಿಸಬೇಕೆಂಬ ಆದೇಶವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲ್ 10ರಂದು ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರಿದ್ದ ಪೀಠ, ಮೂವರು ಒಂದು ಕಡೆ ಇಬ್ಬರು ಇನ್ನೊಂದು ಕಡೆಯಾಗಿ, ವಿದೇಶ ಪ್ರಯಾಣವು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ತೀರ್ಪಿತ್ತಿತು. ಸರ್ಕಾರ ಮೊದಲು ಸುಗ್ರೀವಾಜ್ಞೆ ತಂದು, ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆಯನ್ನೇ ಮಾಡಿಬಿಟ್ಟಿತು. ಇಂದು ಇಲಾಖೆ ಆ ದಿನವನ್ನು ಪಾಸ್‌ಪೋರ್ಟ್ ಸೇವಾ ದಿವಸವೆಂದು ಆಚರಿಸುತ್ತದೆ. ಕೋರ್ಟಿನಲ್ಲಿ ಸೋತದ್ದರಿಂದ ಹುಟ್ಟಿದ ಕಾಯ್ದೆಯ ಹುಟ್ಟುಹಬ್ಬ ಅದು ಎಂಬುದನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ.

ಹತ್ತು ವರ್ಷಗಳ ಬಳಿಕ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ‘ಸಾರ್ವಜನಿಕ ಹಿತ’ದ ಹೆಸರಿನಲ್ಲಿ, ಕಾರಣ ತಿಳಿಸದೆ ಮುಟ್ಟುಗೋಲು ಹಾಕಿಕೊಂಡಾಗ ಮೊಕದ್ದಮೆ ಮತ್ತೆ ಸುಪ್ರೀಂ ಕೋರ್ಟಿಗೆ ಬಂತು. 1978ರ ಜನವರಿ 25ರ ಆ ತೀರ್ಪಿನ ಪ್ರಕಾರ, ಕಾನೂನು ಇದ್ದರಷ್ಟೇ ಸಾಲದು, ಅದರ ಕ್ರಮವೂ ನ್ಯಾಯವಾದದ್ದಾಗಿರಬೇಕು. ಈಗ ಅರ್ಜಿದಾರರಿಗೆ ಬರುವ ನೋಟಿಸು, ವಿವರಣೆ ಕೊಡಲು ಸಿಗುವ ಅವಕಾಶ, ಮೇಲ್ಮನವಿಯ ದಾರಿ ಇವುಗಳ ಹಿಂದೆ ನಿಂತಿರುವುದು ಈ ತೀರ್ಪಿನ ತರ್ಕ.

ಪೋರ್ಟಲ್ ಬಂದಾಗ ಬದಲಾದದ್ದು ಹಕ್ಕಿನ ಸ್ವರೂಪವಲ್ಲ, ದುಡಿಮೆಯ ಹಂಚಿಕೆ. 2008ರಲ್ಲಿ ವಿದೇಶಾಂಗ ಸಚಿವಾಲಯ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಹಿಂದೆ ಗುಮಾಸ್ತ ಮಾಡುತ್ತಿದ್ದ ಬೆರಳಚ್ಚು ಕೆಲಸ ಅರ್ಜಿದಾರನ ಪಾಲಿಗೆ ಬಂತು: ಖಾತೆ ತೆರೆದು, ವಿವರ ತುಂಬಿ, ಶುಲ್ಕ ಕಟ್ಟಿ, ಅಪಾಯಿಂಟ್‌ಮೆಂಟ್ ಪಡೆಯುವುದು. ಸೇವಾ ಕೇಂದ್ರದಲ್ಲಿ ‘ಎ’ ಕೌಂಟರಿನ ಫೋಟೊ, ಬೆರಳಗುರುತು, ದಾಖಲೆಗಳ ಸ್ಕ್ಯಾನಿಂಗ್ ಕಂಪನಿಯ ಸಿಬ್ಬಂದಿಗೆ. ‘ಬಿ’ಯಲ್ಲಿ ಮೂಲ ದಾಖಲೆ ಪರಿಶೀಲಿಸುವವರು, ‘ಸಿ’ಯಲ್ಲಿ ಮಂಜೂರು ಮಾಡುವವರು ಸರ್ಕಾರಿ ಅಧಿಕಾರಿಗಳು. ಕೈಕೆಲಸ ಖಾಸಗಿಯವರಿಗೆ, ಸಹಿ ಸರ್ಕಾರಕ್ಕೆ. ಖಾಸಗೀಕರಣದ ಪರ ವಿರೋಧ ವಾದಿಸುವವರು ಸಾಮಾನ್ಯವಾಗಿ ಗಮನಿಸದ ಈ ಗೆರೆ ಈ ಯೋಜನೆಯ ಅತ್ಯಂತ ಯೋಚಿತ ಭಾಗ. 2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ತೆರೆದಾಗ ಗೆರೆ ಇನ್ನಷ್ಟು ಸರಿಯಿತು. ಪಾಸ್‌ಪೋರ್ಟಿಗಾಗಿ ಬೆಂಗಳೂರಿನ ರೈಲು ಹತ್ತುತ್ತಿದ್ದ ಮೈಸೂರಿನವರಿಗೆ ಊರಿನ ಅಂಚೆ ಕಚೇರಿಯೇ ಸಾಕಾಯಿತು.

ಇನ್ನು ಹೆಸರಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಅರ್ಜಿಯಲ್ಲಿ ಎರಡು ಖಾನೆಗಳಿವೆ: ‘ಗಿವನ್ ನೇಮ್’, ‘ಸರ್‌ನೇಮ್’. ಮೊದಲನೆಯದು ಕಡ್ಡಾಯ, ಎರಡನೆಯದು ಐಚ್ಛಿಕ. ಇನಿಷಿಯಲ್‌ಗಳಿಗೆ ಎಲ್ಲಿಯೂ ಜಾಗವಿಲ್ಲ, ಅವನ್ನು ಬಿಡಿಸಿ ಬರೆಯಬೇಕು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಂಥ ಹೆಸರು ಈ ಖಾನೆಗಳಲ್ಲಿ ಸಲೀಸಾಗಿ ಕೂರುತ್ತದೆ: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಪಾಟೀಲ, ಕುಲಕರ್ಣಿ, ಹಿರೇಮಠ ಇವರಿಗೆಲ್ಲ ಇದೇ ಅನುಕೂಲ. ಕರಾವಳಿಯ ಕೋಟ ಶಿವರಾಮ ಕಾರಂತರ ಹೆಸರಿನಲ್ಲಿ ಊರು ಮೊದಲು, ಕುಲನಾಮ ಕೊನೆಗೆ. ಊರನ್ನು ಬಿಡಿಸಿ ಬರೆದರೆ ಕೆಲಸ ಮುಗಿಯಿತು. ತೊಡಕಿರುವುದು ಸೋಮನಹಳ್ಳಿ ಮಲ್ಲಯ್ಯ ಕೃಷ್ಣ ಮಾದರಿಯಲ್ಲಿ. ಕೊನೆಯ ಪದವನ್ನು ಸರ್‌ನೇಮ್ ಮಾಡಿದರೆ ಮನುಷ್ಯನ ಸ್ವಂತ ಹೆಸರು ಕುಟುಂಬದ ಹೆಸರಾಗುತ್ತದೆ. ಊರನ್ನು ಮಾಡಿದರೆ ಹೊರದೇಶದ ವಿಮಾನ ನಿಲ್ದಾಣದಲ್ಲಿ ‘ಮಿಸ್ಟರ್ ಸೋಮನಹಳ್ಳಿ’ ಎಂಬ ಕೂಗಿಗೆ ಓಗೊಡಬೇಕು. ಖಾನೆ ಖಾಲಿ ಬಿಟ್ಟರೆ ಟಿಕೆಟ್ ಕಾದಿರಿಸುವ ಜಾಲತಾಣ ಮುಂದಕ್ಕೇ ಬಿಡುವುದಿಲ್ಲ.

ಇದು ತಮಾಷೆಯ ಮಾತಷ್ಟೇ ಆಗಿ ಉಳಿದಿಲ್ಲ. ಎರಡರಲ್ಲಿ ಒಂದು ಖಾನೆ ಮಾತ್ರ ತುಂಬಿದ ಪಾಸ್‌ಪೋರ್ಟ್ ಹಿಡಿದು ಹೋದವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂಬ ಮುದ್ರೆ ಬೀಳುತ್ತದೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಇಲ್ಲವೆಂದಿತು. ತಂದೆಯ ಅಥವಾ ಕುಟುಂಬದ ಹೆಸರು ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿದ್ದರೆ ಸಾಕು ಎಂಬ ಸಡಿಲಿಕೆ ಆಮೇಲೆ ಬಂತು. ದುಬೈಯಲ್ಲಿ ಮನೆಮಂದಿಯನ್ನು ಇಟ್ಟುಕೊಂಡಿರುವ ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕುಟುಂಬಗಳಿಗೆ ಒಂದು ಖಾಲಿ ಖಾನೆಯ ಬೆಲೆ ಎಷ್ಟೆಂದು ತಿಳಿದದ್ದು ಆಗ.

ಹೆಸರು ಸರಿಯಿದ್ದರೂ ಕಾಗುಣಿತ ಕಾಡಬಹುದು. ಪಾಸ್‌ಪೋರ್ಟಿನಲ್ಲಿ ಹೆಸರು ರೋಮನ್ ಲಿಪಿಯಲ್ಲಿ ಕೂರಬೇಕು. ಲಕ್ಷ್ಮೀ, ಸೌಮ್ಯ, ಶೆಟ್ಟಿ ಇವುಗಳಿಗೆ ಆ ಲಿಪಿಯಲ್ಲಿ ಎರಡು ಮೂರು ರೂಪಗಳಿವೆ. ಮೇಷ್ಟರು ಎಸ್ಸೆಸ್ಸೆಲ್ಸಿ ಅರ್ಜಿಯಲ್ಲಿ ಒಂದು ರೀತಿ ಬರೆದಿರುತ್ತಾರೆ, ಆಧಾರ್ ಆಪರೇಟರ್ ಇನ್ನೊಂದು ರೀತಿ, ಬ್ಯಾಂಕಿನವರು ಮತ್ತೊಂದು. ಈ ಮೂವರೂ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಭೇಟಿಯಾಗಿರುವುದಿಲ್ಲ. ಮೊದಲ ಬಾರಿ ಭೇಟಿಯಾಗುವುದು ‘ಬಿ’ ಕೌಂಟರಿನ ಮೇಜಿನ ಮೇಲೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದಮೇಲೆ ಜನ್ಮಸ್ಥಳದ ಖಾನೆಯಲ್ಲೂ ಇದೇ ಗೊಂದಲ: ಹಳೆಯ ಪತ್ರದಲ್ಲಿ ಬಿಜಾಪುರ, ಹೊಸದರಲ್ಲಿ ವಿಜಯಪುರ.

ನಿಯಮಗಳು ಸಡಿಲವಾಗಿಲ್ಲವೆಂದಲ್ಲ. 1989ರ ಜನವರಿ 26 ಅಥವಾ ಆಮೇಲೆ ಹುಟ್ಟಿದವರು ಜನನ ಪ್ರಮಾಣಪತ್ರವನ್ನೇ ತರಬೇಕೆಂಬ ಕಟ್ಟು 2016ರ ಡಿಸೆಂಬರಿನಲ್ಲಿ ಹೋಯಿತು. ಶಾಲೆಯ ಪ್ರಮಾಣಪತ್ರ, ಪ್ಯಾನ್, ಆಧಾರ್ ಮುಂತಾದವೂ ನಡೆಯುತ್ತವೆಂದಾಯಿತು. ತಂದೆ ತಾಯಿಗಳಲ್ಲಿ ಒಬ್ಬರ ಹೆಸರು ಸಾಕು, ಮದುವೆಯ ಪ್ರಮಾಣಪತ್ರ ಬೇಡ, ನೋಟರಿಯ ಮುದ್ರೆ ಬೇಡ, ಬಿಳಿ ಹಾಳೆಯ ಸ್ವಯಂಘೋಷಣೆ ಸಾಕು. ಸನ್ಯಾಸಿಗಳು ಹೆತ್ತವರ ಜಾಗದಲ್ಲಿ ಗುರುವಿನ ಹೆಸರು ಬರೆಯಬಹುದು ಎಂಬ ಅವಕಾಶ ಮಠಗಳ ನಾಡಾದ ಕರ್ನಾಟಕಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ 2025ರ ಫೆಬ್ರವರಿಯ ತಿದ್ದುಪಡಿ 2023ರ ಅಕ್ಟೋಬರ್ 1 ಅಥವಾ ಅನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಪುರಾವೆ ಎಂದಿದೆ. ಇಂದಿನ ಕೂಸುಗಳ ತಂದೆತಾಯಿ ಆಸ್ಪತ್ರೆಯಲ್ಲೇ ಕಾಗುಣಿತ ನೋಡಿಕೊಳ್ಳಬೇಕಾದ ಕಾಲ ಇದು.

ಪೋರ್ಟಲ್‌ನಿಂದ ಆಚೆಗಿರುವ ಇನ್ನೊಂದು ಮೆಟ್ಟಿಲು ಠಾಣೆ. ಮೊದಲ ಬಾರಿ ಸಾಮಾನ್ಯ ಕ್ರಮದಲ್ಲಿ ಅರ್ಜಿ ಹಾಕುವವರ ಮನೆಗೆ ಬಹುತೇಕ ಪೊಲೀಸರು ಬಂದೇ ಬರುತ್ತಾರೆ. ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಮೊದಲು ಕೈಸೇರಿ ಪೊಲೀಸ್ ವೆರಿಫಿಕೇಷನ್ ಆಮೇಲೆ ಆಗಬಹುದು. 2018ರ ಜೂನ್‌ನಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು. ಕಲಬುರಗಿಯ ಹುಡುಗಿ ಬೆಂಗಳೂರಿನ ಪಿಜಿಯಲ್ಲಿದ್ದರೆ ಮಾರತಹಳ್ಳಿಯಲ್ಲೇ ಅರ್ಜಿ ಸಲ್ಲಿಸಬಹುದು. ಆದರೆ ಪೊಲೀಸರು ಹೋಗುವುದು ಅವಳು ಬರೆದ ವಿಳಾಸಕ್ಕೆ. ಊರಿನ ವಿಳಾಸ ಕೊಟ್ಟರೆ ಆ ಹೊತ್ತಿಗೆ ಅವಳು ಅಲ್ಲಿರುವುದಿಲ್ಲ, ಪಿಜಿಯ ವಿಳಾಸ ಕೊಟ್ಟರೆ ಮಾಲೀಕ ಕಾಗದ ಕೊಡಲು ಹಿಂಜರಿಯುತ್ತಾನೆ. ಒಂದು ವರ್ಷದೊಳಗೆ ಮನೆ ಬದಲಿಸಿದ್ದರೆ ಹಳೆಯ ವಿಳಾಸವನ್ನೂ ಬರೆಯಬೇಕು. ವಲಸೆಯ ನಗರದಲ್ಲಿ ಸ್ಥಿರ ವಿಳಾಸ ಕೇಳುವ ಈ ಪದ್ಧತಿ ಯಾರನ್ನು ಹೆಚ್ಚು ಕಾಯಿಸುತ್ತದೆಂದು ಊಹಿಸುವುದು ಕಷ್ಟವಲ್ಲ.

ಠಾಣೆಯ ವರದಿಯಲ್ಲಿ ಜನರನ್ನು ಹೆಚ್ಚು ಹೆದರಿಸುವುದು ‘ಕೇಸು ಇದೆ’ ಎಂಬ ಸಾಲು. ಕಾಯ್ದೆಯ 6(2)(ಎಫ್) ಕಲಮಿನ ಪ್ರಕಾರ ಕ್ರಿಮಿನಲ್ ಮೊಕದ್ದಮೆ ನ್ಯಾಯಾಲಯದಲ್ಲಿ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆದರೆ 1993ರ ಆಗಸ್ಟ್ 25ರ ಅಧಿಸೂಚನೆಯಂತೆ ಅದೇ ನ್ಯಾಯಾಲಯದ ಅನುಮತಿ ತಂದರೆ ದಾರಿಯುಂಟು. ಬರಿಯ ಎಫ್‌ಐಆರ್ ‘ಬಾಕಿ ಮೊಕದ್ದಮೆ’ ಆಗುವುದಿಲ್ಲ, ನ್ಯಾಯಾಲಯ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಂಡಿರಬೇಕು ಎಂದು 2019ರ ಅಕ್ಟೋಬರ್ 10ರಂದು ಸಚಿವಾಲಯವೇ ಸ್ಪಷ್ಟಪಡಿಸಿದೆ. ಜಮೀನಿನ ಗಲಾಟೆಯಲ್ಲಿ ಹೆಸರು ಸೇರಿಕೊಂಡ ಹಳ್ಳಿಯ ಯುವಕನಿಗೆ ಇದನ್ನು ಹೇಳುವವರು ಬೇಕು.

ಹೇಳುವವರು ಯಾರು? ವಾಸ್ತವದಲ್ಲಿ ಅದು ಸೈಬರ್ ಸೆಂಟರಿನ ಹುಡುಗ. ಪಾಸ್‌ಪೋರ್ಟಿನ ಆನ್‌ಲೈನ್ ಅರ್ಜಿಯೆಂದರೆ ಪ್ರಜೆ ಮತ್ತು ಸರ್ಕಾರದ ನಡುವೆ ಬೇರೆ ಯಾರೂ ಇಲ್ಲದ ವ್ಯವಹಾರ ಎಂಬ ಕಲ್ಪನೆ ತಾಲ್ಲೂಕು ಕೇಂದ್ರಕ್ಕೆ ಬಂದಾಗ ನಿಲ್ಲುವುದಿಲ್ಲ. ಸಚಿವಾಲಯವೂ ಇದನ್ನು ಒಪ್ಪಿಕೊಂಡೇ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಅರ್ಜಿ ತುಂಬಿಸುವ ಏರ್ಪಾಡು ಮಾಡಿತು. ಅಲ್ಲಿನ ಸೇವಾ ಶುಲ್ಕ 100 ರೂಪಾಯಿ. ಹೊರಗಿನ ಅಂಗಡಿಯಲ್ಲಿ ದರ ಅಂಗಡಿಯವನ ಇಷ್ಟ. ವಯಸ್ಕರ 36 ಪುಟದ ಪುಸ್ತಿಕೆಗೆ ಸರ್ಕಾರಿ ಶುಲ್ಕ 1,500 ರೂಪಾಯಿ, 60 ಪುಟದ್ದಕ್ಕೆ 2,000, ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2,000. ಇದನ್ನು ತಿಳಿಯದವರು ಮೋಸ ಹೋಗಲು ಇನ್ನೊಂದು ಬಾಗಿಲೂ ಇದೆ: ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ನಕಲಿ ಜಾಲತಾಣಗಳು. ಇವುಗಳ ಬಗ್ಗೆ ಸಚಿವಾಲಯ ಎಚ್ಚರಿಕೆ ಕೊಟ್ಟಿದೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದ ಯಾವ ತಾಣದಲ್ಲೂ ಹಣ ಕಟ್ಟಬಾರದು.

ಸೈಬರ್ ಸೆಂಟರಿನವನು ತುಂಬಿದ್ದರೂ ಅರ್ಜಿಯ ಹೊಣೆ ಅರ್ಜಿದಾರನದೇ. ಗೊತ್ತಿದ್ದೂ ಸುಳ್ಳು ವಿವರ ಕೊಟ್ಟರೆ ಅಥವಾ ವಿವರ ಮುಚ್ಚಿಟ್ಟರೆ ಕಾಯ್ದೆಯ 12ನೇ ಕಲಮಿನಂತೆ ಎರಡು ವರ್ಷದವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ. ತಪ್ಪು ಕಾಗುಣಿತಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ, ಆದರೆ ಪುಸ್ತಿಕೆ ಅಚ್ಚಾದಮೇಲೆ ಅದನ್ನು ತಿದ್ದಿಸಲು ಮರುವಿತರಣೆಯ ಹೊಸ ಅರ್ಜಿ, ಹೊಸ ಶುಲ್ಕ. ಸಲ್ಲಿಸಿದ ಅರ್ಜಿಯನ್ನು ಪೋರ್ಟಲ್‌ನಲ್ಲಿ ತಿದ್ದಲಾಗದು. ಸಣ್ಣಪುಟ್ಟ ತಪ್ಪುಗಳನ್ನು ಸೇವಾ ಕೇಂದ್ರದಲ್ಲಿ ಮಾತ್ರ ಸರಿಪಡಿಸಿಕೊಳ್ಳಬಹುದು. ‘ಎ’ ಕೌಂಟರಿನಲ್ಲಿ ಅರ್ಜಿದಾರನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇರುತ್ತದೆ. ಹೆಸರು, ಹುಟ್ಟಿದ ದಿನ, ಊರು, ವಿಳಾಸ ಎಲ್ಲವೂ ಅದರಲ್ಲಿ ಕಾಣುತ್ತದೆ. ಓದಲು ಬಾರದವರು ಸಿಬ್ಬಂದಿಯಿಂದ ಓದಿಸಿಕೊಳ್ಳಬೇಕು, ಓದಬಲ್ಲವರು ಒಂದೊಂದೇ ಅಕ್ಷರ ನೋಡಿದ ಮೇಲಷ್ಟೇ ಕುರ್ಚಿಯಿಂದ ಏಳಬೇಕು.