ದ್ರವಕ್ಕೆ ಓಗೊಡುವ ಪುಟ್ಟ ಹೃದಯ

ಗುಲ್ವಾಡಿಯಂಥ ಹಳ್ಳಿಯ ಅಂಗನವಾಡಿಗೆ ಹೋಗುವ ಮಗುವಿಗೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿದ್ದರೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಅದು ಪತ್ತೆಯಾಗಬಹುದು. ಮುಂದಿನ ದಾರಿ ಮಣಿಪಾಲದ ಆಸ್ಪತ್ರೆಗೋ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೋ. ಕೊನೆಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ವೆಂಟಿಲೇಟರಿನಲ್ಲಿ ಉಸಿರಾಡುತ್ತಿರುವ ಆ ಮಗುವಿನ ರಕ್ತದೊತ್ತಡ ಇಳಿದಾಗ ಅರಿವಳಿಕೆ ತಜ್ಞರಿಗೆ ಒಂದೇ ಪ್ರಶ್ನೆ: ದ್ರವ ಕೊಡಬೇಕೋ, ಬೇಡವೋ?

ಐದು ಕಿಲೋ ತೂಕದ ಶಿಶುವಿನ ಮೈಯಲ್ಲಿರುವ ರಕ್ತ ಸುಮಾರು 400 ಮಿ.ಲೀ. ಕಿಲೋಗೆ 10 ಮಿ.ಲೀ. ದ್ರವ ಕೊಟ್ಟರೆ ಅದರ ಎಂಟನೇ ಒಂದು ಪಾಲು ಒಮ್ಮೆಲೇ ಸೇರಿದಂತೆ. ಆಗ ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಶೇ. 10–15ರಷ್ಟಾದರೂ ಏರಿದರೆ ಹೃದಯ ಓಗೊಟ್ಟಿತು ಎನ್ನುತ್ತಾರೆ. ಏರದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವ ಭಯ. ಕೀನ್ಯಾ, ಉಗಾಂಡಾ, ತಾಂಜಾನಿಯಾಗಳ 3,141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ 'ಫೀಸ್ಟ್' ಅಧ್ಯಯನದಲ್ಲಿ, ವೇಗವಾಗಿ ದ್ರವ ಪಡೆದ ಮಕ್ಕಳಲ್ಲೇ ಸಾವು ಹೆಚ್ಚಿತ್ತು. ಅವು ಜ್ವರದಿಂದ ನರಳುತ್ತಿದ್ದ ಮಕ್ಕಳು, ಹೃದಯ ಶಸ್ತ್ರಚಿಕಿತ್ಸೆಯವಲ್ಲ. ಆದರೂ ದ್ರವದಿಂದ ಕೆಡುಕಿಲ್ಲ ಎಂಬ ನಂಬಿಕೆ ಅಲ್ಲಿಗೆ ಅಲುಗಿತು.

ದ್ರವ ಫಲಿಸುತ್ತದೆಯೇ ಎಂದು ಮೊದಲೇ ಅರಿಯಲು ವಯಸ್ಕರಿಗೆ ಒಂದು ಅಳತೆಗೋಲಿದೆ. ವೆಂಟಿಲೇಟರಿನ ಉಸಿರಿನೊಂದಿಗೆ ನಾಡಿಯ ಒತ್ತಡ ಶೇ. 13ಕ್ಕಿಂತ ಹೆಚ್ಚು ಏರಿಳಿದರೆ ದ್ರವ ಫಲಿಸುತ್ತದೆ ಎಂದು ಮಿಶಾರ್ ತಂಡ 2000ದಲ್ಲಿ ತೋರಿಸಿತು. ಮಕ್ಕಳಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅವರ ಎದೆಗೂಡು ಮೆದು, ರಕ್ತನಾಳದ ಗೋಡೆ ಸುಲಭವಾಗಿ ಹಿಗ್ಗುವಂಥದು. ಉಸಿರಿನ ಒತ್ತಡ ನಾಡಿಯಲ್ಲಿ ಮೂಡುವಷ್ಟರಲ್ಲಿ ಕರಗಿರುತ್ತದೆ. ಕೇಂದ್ರ ಅಭಿಧಮನಿಯ ಒತ್ತಡವಂತೂ ಭರವಸೆಯ ಸೂಚಕವೇ ಅಲ್ಲ.

ಮಹಾಪಧಮನಿಯಲ್ಲಿ ರಕ್ತ ಹರಿಯುವ ಗರಿಷ್ಠ ವೇಗ ಉಸಿರಿನೊಂದಿಗೆ ಎಷ್ಟು ಬದಲಾಗುತ್ತದೆ ಎಂಬುದನ್ನು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಅಳೆಯುವುದು ಹೆಚ್ಚು ನೆಚ್ಚಬಹುದಾದ ದಾರಿ. ಡ್ಯೂರಾಂ ತಂಡ 2008ರಲ್ಲಿ 26 ಮಕ್ಕಳಲ್ಲಿ ಶೇ. 12ರ ಗಡಿ ಕಂಡುಕೊಂಡಿತು. 2013ರ ಸಮಗ್ರ ವಿಮರ್ಶೆಯೊಂದರಲ್ಲಿ ಪರೀಕ್ಷೆಗೆ ನಿಂತದ್ದೂ ಇದೊಂದೇ.

ಆದರೆ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆ ಸೀಳಿದೊಡನೆ ಉಸಿರಿಗೂ ಹೃದಯಕ್ಕೂ ಇದ್ದ ನಂಟೇ ಸಡಿಲವಾಗುತ್ತದೆ. ಎದೆ ತೆರೆಯುವ ಮುನ್ನ, ಮುಚ್ಚಿದ ನಂತರ ಸಿಕ್ಕ ಅಂಕಿಗಳಿಗೆ ಇರುವ ಬೆಲೆ ನಡುವಿನ ಅಂಕಿಗಳಿಗಿಲ್ಲ. ಫಾಲೋ ಟೆಟ್ರಾಲಜಿ ಎಂಬ ಹುಟ್ಟು ಹೃದಯದೋಷವನ್ನು ಸರಿಪಡಿಸಿದ ಮಗುವಿನಲ್ಲಿ ಇನ್ನೊಂದು ತೊಡಕಿದೆ: ಬಲ ಕುಹರ ಬಿಗಿದುಕೊಂಡಿರಬಹುದು, ವೆಂಟಿಲೇಟರಿನ ಪ್ರತಿ ಉಸಿರೂ ಅದಕ್ಕೆ ಹೊರೆಯಾಗಬಹುದು. ಆಗ ಏರಿಳಿತ ಕಂಡರೂ ಅದರ ಕಾರಣ ದ್ರವದ ಕೊರತೆಯಲ್ಲ, ಕುಹರದ ಬಳಲಿಕೆ. ಅಂಥ ಮಗುವಿಗೆ ದ್ರವ ಸುರಿಯುವುದು ಅಪಾಯ. ಸ್ವಲ್ಪ ಸ್ವಲ್ಪವೇ ಕೊಟ್ಟು, ಪ್ರತಿ ಸಲವೂ ಎಕೋದಲ್ಲಿ ಬಡಿತದ ರಕ್ತ ಏರಿತೇ ಎಂದು ನೋಡಿ, ಏರದಿದ್ದರೆ ಅಲ್ಲಿಗೇ ನಿಲ್ಲಿಸಿ ಹೃದಯಕ್ಕೆ ಬಲ ಕೊಡುವ ಔಷಧಿಯತ್ತ ಹೊರಳಬೇಕು.