ಧಾರವಾಡದ ಹಳ್ಳಿಗಳಲ್ಲಿ ಮಾತಿನ ಇಂಗ್ಲಿಷ್

ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಇಂಗ್ಲಿಷ್ ಶಬ್ದಗಳು ಸಾಲಿಯ ಬಾಗಿಲಿಗಿಂತ ಬಯಲಿನ ದಾರಿಯಿಂದಲೇ ಹೆಚ್ಚಾಗಿ ಬಂದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಅಣ್ಣಿಗೇರಿ, ಕುಂದಗೋಳಗಳನ್ನು ಹಾಯ್ದ ಮೇಲೆ ಸ್ಟೇಶನ್ ‘ಟೇಸನ್’ ಆಯಿತು. ನವಲಗುಂದದ ಎರಿ ಹೊಲಗಳಿಗೆ ಮಲಪ್ರಭೆಯ ನೀರು ತಂದ ಕಾಲುವೆ ರೈತರ ಬಾಯಲ್ಲಿ ಇಂದಿಗೂ ‘ಕೆನಾಲ್’. ಬಂದವು ಬಹುಪಾಲು ನಾಮಪದಗಳು. ಕ್ರಿಯಾಪದವಾಗಿದ್ದವನ್ನೂ ಕನ್ನಡ ನಾಮಪದದಂತೆಯೇ ಬಳಸಿ ‘ಮಾಡು’, ‘ಆಗು’ಗಳಿಗೆ ಕಟ್ಟಿಕೊಂಡಿತು: ‘ಬಸ್ ಕ್ಯಾನ್ಸಲ್ ಆತು’, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ’.

ಪುಸ್ತಕದ ಇಂಗ್ಲಿಷಿನದು ಬೇರೆ ಕಥೆ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ 1824ರದು. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ಕೋಶ 1894ರದು. ಎರಡೂ ಮುಖ್ಯವಾಗಿ ಕನ್ನಡ ಕಲಿಯಬೇಕಾಗಿದ್ದ ಪಾದ್ರಿ, ಅಧಿಕಾರಿಗಳ ಅಗತ್ಯದಿಂದ ಹುಟ್ಟಿದವು. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂದು ಸಾಲಿಗಳನ್ನು ತೆರೆಯಿತು. ಧಾರವಾಡ ಆಗ ಸೇರಿದ್ದ ಮುಂಬಯಿ ಪ್ರಾಂತದ ಕಚೇರಿಗೆ ಬೇಕಾಗಿದ್ದ ಇಂಗ್ಲಿಷ್ ಓದುವ, ಭಾಷಾಂತರಿಸುವ, ಅರ್ಜಿ ಬರೆಯುವ ಇಂಗ್ಲಿಷ್. ಕುಶಲ ಕೇಳುವುದು ಪಠ್ಯದಲ್ಲಿ ಇರಲಿಲ್ಲ.

ಯಾವ ಶಬ್ದ ಮೊದಲು ಕಲಿಸಬೇಕೆಂಬ ಪ್ರಶ್ನೆಗೆ ಶಾಸ್ತ್ರೀಯ ಉತ್ತರ 20ನೆಯ ಶತಮಾನದ್ದು. ಸಿ.ಕೆ. ಆಗ್ಡನ್ 1930ರಲ್ಲಿ 850 ಶಬ್ದಗಳ ‘ಬೇಸಿಕ್ ಇಂಗ್ಲಿಷ್’ ಮುಂದಿಟ್ಟರು. ಢಾಕಾದಲ್ಲಿ ಪಾಠ ಹೇಳಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2,000 ಶಬ್ದಗಳ ಪಟ್ಟಿ ಪ್ರಕಟಿಸಿದರು. ಅದಕ್ಕೆ ಆಧಾರ ಬರಹದಲ್ಲಿನ ಶಬ್ದಗಳ ಎಣಿಕೆ, ಆಡುಮಾತಲ್ಲ. ಆಡುಮಾತನ್ನೇ ಎಣಿಸಿ ಇತ್ತೀಚೆಗೆ ಸಿದ್ಧವಾದ ಪಟ್ಟಿಯೊಂದರಲ್ಲಿ 721 ಶಬ್ದಗಳಿವೆ. ದಿನಬಳಕೆಯ ಇಂಗ್ಲಿಷ್ ಮಾತಿನ ಸುಮಾರು ಶೇ. 90ರಷ್ಟು ಅಷ್ಟರಲ್ಲೇ ಮುಗಿಯುತ್ತದೆ. ಗೆಟ್, ಗೋ, ವೆಲ್, ಜಸ್ಟ್‌ನಂಥ ಪುಡಿ ಶಬ್ದಗಳು ಅವು. ಹಳ್ಳಿಗೆ ತಾವಾಗಿ ಬಾರದೆ ಉಳಿದವೂ ಇವೇ.

ಪಟ್ಟಿಯ ಹಂಗಿಲ್ಲದೆ ಇಂಗ್ಲಿಷ್ ಕಲಿಸುವ ಪ್ರಯೋಗವೊಂದು ಕರ್ನಾಟಕದಲ್ಲೇ ನಡೆದಿತ್ತು. ಭಾಷಾಶಿಕ್ಷಣ ತಜ್ಞ ಎನ್.ಎಸ್. ಪ್ರಭು 1979ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಯೋಜನೆಯಲ್ಲಿ ಶಬ್ದಪಟ್ಟಿ, ವ್ಯಾಕರಣದ ಕ್ರಮ ಎರಡನ್ನೂ ಬದಿಗಿಟ್ಟು ನಕಾಶೆ, ರೈಲು ವೇಳಾಪಟ್ಟಿಗಳ ಲೆಕ್ಕ ಬಿಡಿಸುತ್ತ ಮಕ್ಕಳು ಭಾಷೆ ಹಿಡಿದುಕೊಳ್ಳುವಂತೆ ಮಾಡಲಾಯಿತು. ಜಗತ್ತಿನ ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಇದು ‘ಬೆಂಗಳೂರು ಯೋಜನೆ’ ಎಂದೇ ಹೆಸರಾಗಿದೆ. ಮುಂದೆ 2007–08ರಿಂದ ರಾಜ್ಯದ ಸರ್ಕಾರಿ ಸಾಲಿಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು.

ಶಬ್ದ ಗೊತ್ತಿದ್ದೂ ಮಾತು ತೊಡರುವ ಜಾಗಗಳು ಈ ಸೀಮೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಧಾರವಾಡದ ಕನ್ನಡದಲ್ಲಿ ಮರ್ಯಾದೆಯೆಲ್ಲ ‘ರಿ’ ಎಂಬ ಒಂದಕ್ಷರದಲ್ಲಿದೆ. ‘ನೀರು ಕೊಡ್ರಿ’ ಎಂದರೆ ಸಾಕು, ಬೇರೆ ವಿನಯ ಬೇಕಿಲ್ಲ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಪ್ಲೀಸ್’, ‘ಕುಡ್ ಯು’ಗಳು ಹಂಚಿಕೊಂಡಿವೆ. ಅವು ನಾಲಿಗೆಗೆ ಬಾರದಾಗ ಕಲಿಯುವವರು ಪ್ರತಿ ಮಾತಿನ ಕೊನೆಗೂ ‘ಸರ್’ ಹಚ್ಚುತ್ತಾರೆ. ಹೊರಡುವಾಗ ‘ಬರ್ತೇನ್ರಿ’ ಎನ್ನುವ ರೂಢಿ ‘ಐ ಯಾಮ್ ಕಮಿಂಗ್’ ಆಗಿ, ಕೇಳಿದವರು ಕಾಯುತ್ತ ಕೂಡಬೇಕಾದೀತು. ‘ಊಟ ಆತೇನ್ರಿ?’ ಎಂಬುದು ಇಲ್ಲಿ ಬರೀ ಕುಶಲಪ್ರಶ್ನೆ. ಇಂಗ್ಲಿಷಿಗೆ ತಿರುಗಿಸಿದರೆ ಊಟಕ್ಕೆ ಕರೆದಂತೆಯೂ ಕೇಳಿಸಬಹುದು. ತಪ್ಪು ವ್ಯಾಕರಣದ್ದಲ್ಲವಾದ್ದರಿಂದ ಕೆಂಪು ಶಾಯಿಗೆ ಇವು ಸಿಕ್ಕುವುದೂ ಕಷ್ಟ.

ಸಾಲಿ ಬಿಟ್ಟ ತೆರವನ್ನು ತುಂಬಿದ್ದು ಇಂಗ್ಲಿಷ್ ಮಾತು ಕಲಿಸುವ ರ್‍ಯಾಪಿಡೆಕ್ಸ್‌ನಂಥ ಪುಸ್ತಕ, ಹುಬ್ಬಳ್ಳಿ–ಧಾರವಾಡದ ಕೋಚಿಂಗ್ ಕ್ಲಾಸು, ಈಗ ಮೊಬೈಲಿನ ವಿಡಿಯೊ. ‘ಮೈಸೆಲ್ಫ್’ ಎಂದು ಶುರುವಾಗುವ ಬಾಯಿಪಾಠದ ಪರಿಚಯ ಈ ಹಾದಿಯದೇ ಬೆಳೆ. ಎದುರಿನವರು ಮರುಪ್ರಶ್ನೆ ಹಾಕಿದಾಗ ಬೇಕಾಗುವುದು ‘ಇನ್ನೊಮ್ಮೆ ಹೇಳ್ರಿ’, ‘ತಿಳೀಲಿಲ್ರಿ’ ಎಂಬುದರ ಇಂಗ್ಲಿಷ್. ಸಂಭಾಷಣೆಯ ಪಾಠ ಅಲ್ಲಿಂದಲೇ ಆರಂಭವಾದರೆ ಒಳ್ಳೆಯದು.